ಹರಾಜಿನ ಮನೆ, ಕೊಳ್ಳುವವರ ಧರ್ಮ

ಬ್ಯಾಂಕು ಹರಾಜಿಗಿಟ್ಟ ಮನೆ ಕೊಳ್ಳುವ ಮಾತು ಬಂದಾಗ ಶಿವಮೊಗ್ಗದ ಮನೆಗಳಲ್ಲಿ ಎರಡು ಬಗೆಯ ಪ್ರಶ್ನೆ ಏಳುತ್ತವೆ. ದುಡಿಯುವ ಮಗ ರೇಟು ನೋಡುತ್ತಾನೆ, ಋಣಭಾರ ಪತ್ರ (ಇ.ಸಿ.) ತೆಗೆಸುತ್ತಾನೆ, ಲೋನ್ ಸಿಗುತ್ತದೆಯೇ ಎಂದು ವಿಚಾರಿಸುತ್ತಾನೆ. ಅಜ್ಜಿ ಕೇಳುವುದೇ ಬೇರೆ: "ಯಾರ್ದಪ್ಪಾ ಆ ಮನೆ? ಯಾಕೆ ಹೋಯ್ತು? ಕಣ್ಣೀರು ಹಾಕ್ಕೊಂಡು ಬಿಟ್ಟುಹೋದವರ ಮನೆ ನಮಗೆ ಆಗಿಬರುತ್ತಾ?" ಮಗ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾನೆ. ಪುರೋಹಿತರು ಒಂದು ವಾಸ್ತುಹೋಮ, ಜೊತೆಗೊಂದು ಸುದರ್ಶನ ಹೋಮ ಹೇಳುತ್ತಾರೆ. ಅಲ್ಲಿಗೆ ಅಜ್ಜಿಯ ಪ್ರಶ್ನೆಗೆ ಪರಿಹಾರ ಸಿಕ್ಕಿತು ಎಂದುಕೊಳ್ಳುವುದು ರೂಢಿ. ಆದರೆ ಹೋಮ ಮನೆಯ ದೋಷಕ್ಕೆ ಸಂಬಂಧಪಟ್ಟದ್ದು. ಅಜ್ಜಿಯ ಮಾತು ಕೊಳ್ಳುವವರ ನಡತೆಗೆ ಸಂಬಂಧಪಟ್ಟದ್ದು. ಇನ್ನೊಬ್ಬರು ಸೋತು ಬಿಟ್ಟದ್ದನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಸರಿಯೇ? ಸರಿಯೆಂದಾದರೆ, ಏನೇನು ಮಾಡಿದ ಮೇಲೆ ಸರಿ?

ಭದ್ರಾವತಿಯಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರು ಕಾರ್ಖಾನೆಯ ಊರಾದದ್ದು 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ ಮೇಲೆ. 1923ರಲ್ಲಿ ಉತ್ಪಾದನೆ ಶುರುವಾಯಿತು, 1936ರಲ್ಲಿ ಕಾಗದ ಕಾರ್ಖಾನೆಯೂ ಹುಟ್ಟಿತು. ನ್ಯೂಟೌನ್, ಪೇಪರ್‌ಟೌನ್‌ಗಳ ಕ್ವಾರ್ಟರ್ಸ್ ಕಾರ್ಖಾನೆಯದು. ನಿವೃತ್ತಿಯಾದ ಮೇಲೆ ಕೀಲಿ ಒಪ್ಪಿಸಬೇಕಿತ್ತು. ಅದಕ್ಕೇ ತಲೆಮಾರುಗಳ ಕಾಲ ನೌಕರರು ಸಂಬಳದ ದಿನವನ್ನು ನಂಬಿ ಸಾಲ ತೆಗೆದು ಹೊರಗೆ ಸೈಟು ಕೊಂಡರು, ಮನೆ ಕಟ್ಟಿಸಿದರು. ಆ ಕಾಗದ ಕಾರ್ಖಾನೆ ಎಂಪಿಎಂನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಐಎಸ್‌ಎಲ್ ಎನಿಸಿಕೊಂಡ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕಿಳಿದರು, ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ಘಟಕಗಳು ಮತ್ತೆ ಓಡಿದವು. ಬ್ಯಾಂಕಿನ ಲೆಕ್ಕದಲ್ಲಿ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಸಾಲ ಅನುತ್ಪಾದಕ, ಅಂದರೆ ಎನ್‌ಪಿಎ ಆಗುತ್ತದೆ. ಕಾರ್ಖಾನೆ ನಿಂತ ಊರಿನಲ್ಲಿ ಸುಸ್ತಿದಾರನಾಗುವುದಕ್ಕೆ ಜೂಜು, ಕುಡಿತ, ದುಂದುಗಾರಿಕೆ ಯಾವುದೂ ಬೇಕಿಲ್ಲ. "ಸಾಲ ತೀರಿಸದಿದ್ದದ್ದು ಅವರ ತಪ್ಪು, ನಮಗೇನು" ಎಂಬ ಮಾತು ಇಲ್ಲಿ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಸಾಲ ಕೊಟ್ಟವರು, ಸಾಲ ತೆಗೆದುಕೊಂಡವರು ಇವರಿಬ್ಬರ ಧರ್ಮವೇನು ಎಂದು ಶಾಸ್ತ್ರಗಳು ಧಾರಾಳವಾಗಿ ಚರ್ಚಿಸಿವೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ ಕನ್ನಡ ನಾಡಿನವನು. ತಂದೆಯ ಸಾಲ ಮಗನಿಗೆ ಬರುತ್ತದೆ, ಆದರೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಬರುವುದಿಲ್ಲ ಎಂಬ ವಿಚಾರ ಅಲ್ಲಿ ವಿಸ್ತಾರವಾಗಿ ಬರುತ್ತದೆ. ಎಂಟು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಆ ನಿಯಮದ ಬಲ ತಗ್ಗಿದ್ದು 2005ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ 'ಪುತ್ರಧರ್ಮ' ಎಂಬ ಒಂದೇ ಕಾರಣದಿಂದ ಮಗನ ಮೇಲೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಕುರಾನಿನ ಅಲ್-ಬಕರ ಅಧ್ಯಾಯ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಲು ಹೇಳುತ್ತದೆ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆನ್ನುತ್ತದೆ. ಜಕಾತ್ ಪಡೆಯಬಹುದಾದವರ ಪಟ್ಟಿಯಲ್ಲಿ ಸಾಲಗಾರರೂ ಇದ್ದಾರೆ. ಬೈಬಲ್ಲಿನ ಧರ್ಮೋಪದೇಶಕಾಂಡ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಒತ್ತೆಯ ವಸ್ತು ತೆಗೆದುಕೊಳ್ಳಲು ಸಾಲ ಕೊಟ್ಟವನು ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು.

ಇಷ್ಟು ಚರ್ಚೆಯಲ್ಲಿ ಮೂರನೆಯವನ ಸುದ್ದಿ ಕಡಿಮೆ. ಸೋತವನ ಸೊತ್ತನ್ನು ಕೊಳ್ಳುವವನು ಬಂದು, ಬೆಲೆ ಕೊಟ್ಟು, ಹೋಗಿಬಿಡುತ್ತಾನೆ. ಹರಿಶ್ಚಂದ್ರನ ಕಥೆಯನ್ನೇ ನೋಡಬಹುದು. ರಾಘವಾಂಕನ ಕಾವ್ಯದಿಂದ ನಾಟಕ, ಹರಿಕಥೆ, ಸಿನಿಮಾದವರೆಗೆ ಕನ್ನಡಿಗರು ಸಾಲ ತೀರಿಸಲು ಹೆಂಡತಿ ಮಗನನ್ನು ಮಾರಿ ತಾನೂ ಮಾರಿಕೊಂಡ ರಾಜನಿಗಾಗಿ ಅತ್ತಿದ್ದಾರೆ, ಸಾಲಕ್ಕಾಗಿ ಪೀಡಿಸಿದವರನ್ನು ಬೈದಿದ್ದಾರೆ. ಕಾಶಿಯಲ್ಲಿ ಕೊಂಡವರ ಕಡೆ ಕಣ್ಣು ಹಾಯುವುದು ಕಡಿಮೆ. ಆದರೆ ಮಾರ್ಕಂಡೇಯ ಪುರಾಣದಲ್ಲಿ ಹರಿಶ್ಚಂದ್ರನನ್ನು ಕೊಂಡ ಸ್ಮಶಾನದೊಡೆಯ ಕೊನೆಗೆ ವೇಷ ಮರೆಸಿಕೊಂಡಿದ್ದ ಧರ್ಮದೇವತೆಯೇ ಆಗಿರುತ್ತಾನೆ. ಪುರಾಣಕಾರ ಕೊಳ್ಳುವವನ ಜಾಗದಲ್ಲಿ ಧರ್ಮವನ್ನೇ ನಿಲ್ಲಿಸಿದ್ದು ಗಮನಿಸಬೇಕಾದ ಸಂಗತಿ. ಅಲ್ಲಿ ನಿಂತವನು ಪಾಪಿಯಾಗಲೇಬೇಕೆಂದೇನೂ ಇಲ್ಲ. ಹಾಗೆಂದು ಆ ಜಾಗ ಹೊಣೆಯಿಲ್ಲದ್ದೂ ಅಲ್ಲ.

ಇಂದಿನ ಕಾನೂನೂ ಸಾಲಗಾರನ ಸುತ್ತ ಒಂದು ಗೆರೆ ಎಳೆದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಕೋರ್ಟ್ ಅಮೀನ ಜಪ್ತಿಗೆ ಬಂದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಸಲಕರಣೆ ಇವನ್ನು ಮುಟ್ಟುವಂತಿಲ್ಲ. ರೈತನೋ ಕೂಲಿಯವನೋ ವಾಸವಿರುವ ಸ್ವಂತ ಮನೆಗೂ ರಕ್ಷಣೆಯುಂಟು. ತಾಳಿಯನ್ನೂ ಅನ್ನದ ಪಾತ್ರೆಯನ್ನೂ ಕಾಪಾಡುವ ಈ ಕಲಮು ಬೀಸುವ ಕಲ್ಲಿನ ಆಜ್ಞೆಗೆ ತೀರ ಹತ್ತಿರದ್ದು. ಆದರೆ ತಾನೇ ಸಹಿ ಹಾಕಿ ಅಡಮಾನವಿಟ್ಟ ಮನೆ ಈ ಗೆರೆಯ ಹೊರಗೆ ಉಳಿಯುತ್ತದೆ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೋರ್ಟಿನಿಂದ ಡಿಕ್ರಿ ತರಬೇಕಾಗಿಯೂ ಇಲ್ಲ: 60 ದಿನಗಳ ನೋಟಿಸು, ಬಾಗಿಲಿಗೆ ಅಂಟಿಸುವ ಸ್ವಾಧೀನ ಪ್ರಕಟಣೆ, ಪತ್ರಿಕೆಗಳಲ್ಲಿ ಜಾಹೀರಾತು, ಮೊದಲ ಮಾರಾಟಕ್ಕೆ 30 ದಿನಗಳ ತಿಳಿವಳಿಕೆ, ನಂತರ ಇ-ಹರಾಜು.

ಇಲ್ಲಿಂದ ಮಗನ ಪ್ರಶ್ನೆಗಳಿಗೆ ಬರಬೇಕು. ಇಂಥ ಮನೆಯಲ್ಲಿ ಕೊಳ್ಳುವವರಿಗಿರುವ ಅಪಾಯಗಳೇನು? ವಕೀಲರ ಹತ್ತಿರ ಕೂತು ಒಂದೊಂದಾಗಿ ಬಿಡಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಹುಪಾಲು ಅಪಾಯಗಳ ಹಿಂದೆ, ಯಾರೂ ಮಾತಾಡಿಸದೆ ಬಿಟ್ಟ ಒಬ್ಬ ಮನುಷ್ಯನ ಹಕ್ಕು ಇರುತ್ತದೆ. ಮಗ ಹೆದರಬೇಕಾದವರೂ ಅಜ್ಜಿ ಮರುಗಿದವರೂ ಒಬ್ಬರೇ.

ಮೊದಲನೆಯವಳು ಅಕ್ಕ ಅಥವಾ ತಂಗಿ. ಮನೆ ಪಿತ್ರಾರ್ಜಿತವಾಗಿದ್ದು ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಅಡವಿಟ್ಟಿದ್ದರೆ, ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಜೀವಂತವಾಗಿಯೇ ಇರುತ್ತದೆ. 2005ರ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಬ್ಯಾಂಕಿನ ವಿಷಯವೆಲ್ಲ ಸಾಲ ವಸೂಲಾತಿ ನ್ಯಾಯಮಂಡಳಿಗೇ ಹೋಗಬೇಕು, ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ ಎಂಬ ಭರವಸೆಯೂ ಪೂರ್ತಿ ಉಳಿದಿಲ್ಲ. ತನ್ನ ಪಾಲು ಬಿಟ್ಟು ಮನೆಯವರು ಮಾರಿದ, ಕೊಂಡವರು ಬ್ಯಾಂಕಿಗೆ ಅಡವಿಟ್ಟ ಜಾಗದ ಬಗ್ಗೆ ಮಹಿಳೆಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ, ಹಕ್ಕಿನ ಘೋಷಣೆಗೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಿವಮೊಗ್ಗದಲ್ಲಿ ವಂಶವೃಕ್ಷ ತೆಗೆಸುವುದು ದೊಡ್ಡ ಕೆಲಸವಲ್ಲ. ತೆಗೆಸಿದ ಮೇಲೆ ಅದರಲ್ಲಿರುವ ಹೆಣ್ಣುಮಕ್ಕಳ ಹೆಸರುಗಳನ್ನು ಅಡಮಾನ ಪತ್ರದ ಸಹಿಗಳ ಜೊತೆ ಇಟ್ಟು ನೋಡುವವರು ಕಡಿಮೆ.

ಎರಡನೆಯವನು ಭೋಗ್ಯಕ್ಕಿರುವವನು. ಮೂರೋ ಐದೋ ಲಕ್ಷ ಕೊಟ್ಟು, ಇಪ್ಪತ್ತು ರೂಪಾಯಿಯ ಛಾಪಾಕಾಗದದ ಮೇಲೆ ಕರಾರು ಬರೆಸಿಕೊಂಡು, ನೋಂದಣಿ ಮಾಡಿಸದೆ ಕೂತಿರುವ ಕುಟುಂಬಗಳು ಇಂಥ ಮನೆಗಳಲ್ಲಿ ಸಾಮಾನ್ಯ. ಅವರ ಕಾಗದಕ್ಕೆ ಕಾನೂನಿನಲ್ಲಿ ಬಲ ಕಡಿಮೆ. ಮನೆ ಹರಾಜಾದ ದಿನ ಮಾಲೀಕನ ಸಾಲದ ಜೊತೆಗೆ ಇವರ ಉಳಿತಾಯವೂ ಮುಳುಗುತ್ತದೆ. ಇ.ಸಿ.ಯಲ್ಲಿ ಇವರ ಸುಳಿವೇ ಇರುವುದಿಲ್ಲ. ಇವರನ್ನು ಕಂಡುಹಿಡಿಯುವ ಉಪಾಯ ಒಂದೇ: ಹೋಗಿ ಬಾಗಿಲು ತಟ್ಟುವುದು.

ಬಾಗಿಲು ತಟ್ಟುವುದು ಕೇವಲ ಸೌಜನ್ಯವೆಂದು ಯಾರೂ ತಿಳಿಯಬಾರದು. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 3ನೇ ಕಲಮು ಈ ವಿಷಯದಲ್ಲಿ ಅಪರೂಪದ ಮಾತು ಹೇಳುತ್ತದೆ. ವಿಚಾರಿಸಬೇಕಾಗಿದ್ದರೂ ಬೇಕೆಂದೇ ವಿಚಾರಿಸದೆ ಉಳಿದವನಿಗೆ, ವಿಚಾರಿಸಿದ್ದರೆ ತಿಳಿಯುತ್ತಿದ್ದದ್ದೆಲ್ಲ ತಿಳಿದೇ ಇತ್ತು ಎಂದು ಕಾನೂನು ಎಣಿಸುತ್ತದೆ. ಮನೆಯಲ್ಲಿ ಯಾರಾದರೂ ವಾಸವಿದ್ದರೆ, ಆ ವಾಸವೇ ಕೊಳ್ಳುವವರಿಗೆ ಕೊಟ್ಟ ನೋಟಿಸು. ಒಳಗಿರುವವರಿಗೆ ಏನು ಹಕ್ಕಿದೆ ಎಂದು ಕೇಳಿಯೇ ಕೊಂಡಿದ್ದಾರೆ ಎಂದು ಭಾವಿಸಲಾಗುತ್ತದೆ. ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದಂತೆ ನೋಡಿಕೊಳ್ಳುವುದು ಬೇರೆ ಎಂಬ ಈ ಭೇದ ನೀತಿಶಾಸ್ತ್ರದ್ದು. ಅದು ರೂಪಾಯಿ ಪೈಸೆಯ ಪರಿಣಾಮವಿರುವ ಕಾನೂನಾಗಿ ನೂರ ನಲವತ್ತು ವರ್ಷಗಳಿಂದ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಫೋಟೊ ನೋಡಿ ಭದ್ರಾವತಿಯ ಮನೆಗೆ ಬಿಡ್ ಹಾಕುವವರು ಈ ಕಲಮನ್ನು ಒಮ್ಮೆ ಓದಬೇಕು.

ಬ್ಯಾಂಕಿನ ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಎಂದಿದ್ದರೆ ಆ ಬಾಗಿಲ ಹಿಂದೆ ಇನ್ನೂ ಜನ ಇರಬಹುದು ಎಂದು ಅರ್ಥ. 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತು ಅವರನ್ನೂ ಸೇರಿಸಿಯೇ ಮಾರುತ್ತದೆ. ಬಿಡ್ ಗೆದ್ದವರು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಗೆ ಶೇ. 25 ಕಟ್ಟಬೇಕು, ಉಳಿದ ಶೇ. 75ನ್ನು ಮಾರಾಟ ದೃಢಪಟ್ಟ 15 ದಿನದೊಳಗೆ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮೂರು ತಿಂಗಳವರೆಗೆ ಎಳೆಯಬಹುದು. ತಪ್ಪಿದರೆ ಕಟ್ಟಿದ ಕಾಲುಭಾಗವೂ ಮುಟ್ಟುಗೋಲು. ಹಾಗೆ ಮುಟ್ಟುಗೋಲು ಹಾಕುವುದು ಸರಿಯೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಅಂದರೆ ನಲವತ್ತು ಲಕ್ಷದ ಮನೆಗೆ ಹತ್ತು ಲಕ್ಷ ಕಳೆದುಕೊಳ್ಳುವ ಸಾಧ್ಯತೆ. ದುಡ್ಡು ಪೂರ್ತಿ ಕಟ್ಟಿದ ಮೇಲೂ ಹಳೆಯ ಮಾಲೀಕ ನೋಟಿಸು ಸರಿಯಾಗಿ ತಲುಪಿಲ್ಲ, ಮೌಲ್ಯಮಾಪನ ಕಡಿಮೆ ಎಂದು ಬೆಂಗಳೂರಿನ ನ್ಯಾಯಮಂಡಳಿಗೆ ಹೋದರೆ ಕೊಂಡವರೂ ಅಲ್ಲಿಗೆ ಅಲೆಯಬೇಕು. ಇಲ್ಲಿಯೂ ವಿಷಯ ಅದೇ: ಬ್ಯಾಂಕು ಸಾಲಗಾರನಿಗೆ ನ್ಯಾಯವಾಗಿ ನಡೆದುಕೊಂಡಿದ್ದರೆ ಕೊಂಡವರ ಹಕ್ಕು ಗಟ್ಟಿ, ಇಲ್ಲವಾದರೆ ಸಡಿಲ.

ಬಿಡಿಸಿಕೊಳ್ಳುವ ಹಕ್ಕಿನ ಕಥೆ ಇನ್ನೂ ನೋವಿನದು. ಬೈಬಲ್ಲಿನ ಯಾಜಕಕಾಂಡದಲ್ಲಿ ಕೋಟೆಯ ಊರಿನ ಮನೆ ಮಾರಿದವನಿಗೆ ಒಂದು ವರ್ಷದೊಳಗೆ ಹಣ ಕೊಟ್ಟು ಅದನ್ನು ಬಿಡಿಸಿಕೊಳ್ಳುವ ಅವಕಾಶವಿದೆ. ವರ್ಷ ದಾಟಿದರೆ ಅದು ಕೊಂಡವನಿಗೆ ಶಾಶ್ವತ. ನಮ್ಮ ಸಿವಿಲ್ ಕೋರ್ಟಿನ ಹರಾಜಿನಲ್ಲಿ 60 ದಿನದೊಳಗೆ ಬಾಕಿಯ ಜೊತೆಗೆ ಕೊಂಡವನಿಗೆ ಕೊಂಡ ಬೆಲೆಯ ಶೇ. 5 ಸೇರಿಸಿ ಠೇವಣಿ ಇಟ್ಟರೆ ಮಾರಾಟ ರದ್ದಾಗುತ್ತದೆ. ಕೊಂಡವನಿಗೂ ನಷ್ಟವಿಲ್ಲ, ಕಳೆದುಕೊಂಡವನಿಗೂ ಕೊನೆಯ ಅವಕಾಶ. ಎಷ್ಟು ಮಾನವೀಯ ಏರ್ಪಾಡು! ಸರ್ಫೇಸಿಯಲ್ಲಿ ಮಾತ್ರ 2016ರ ತಿದ್ದುಪಡಿಯಿಂದ ಹರಾಜು ಪ್ರಕಟಣೆ ಹೊರಬಿದ್ದ ದಿನವೇ ಆ ಬಾಗಿಲು ಮುಚ್ಚುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ಅರ್ಥೈಸಿತು. ಕೊಳ್ಳುವವರಿಗೆ ಇದರಿಂದ ಭದ್ರತೆ ಸಿಕ್ಕಿತು ನಿಜ. ಆದರೆ ಊರಿನ ಪತ್ರಿಕೆಯಲ್ಲಿ ತಮ್ಮ ಮನೆಯ ಚಕ್ಕುಬಂದಿ ಅಚ್ಚಾದದ್ದನ್ನು ನೋಡಿ ಎದೆ ಒಡೆದು, ಆ ಮೇಲೆ ತವರಿನಿಂದಲೋ ಭಾವನಿಂದಲೋ ಹಣ ಹೊಂದಿಸಿಕೊಂಡು ಬರುವ ಕುಟುಂಬಕ್ಕೆ 'ತಡವಾಯಿತು' ಎನ್ನುವ ಕಾನೂನು ಅವಸರದ್ದು. ಇದನ್ನು ಸಂಸತ್ತು ಮತ್ತೆ ಯೋಚಿಸಬೇಕು.

ಎಲ್ಲ ಅಪಾಯವೂ ಹರಾಜಿನ ಮೂಲಕವೇ ಬರುವುದಿಲ್ಲ. ಮಲೆನಾಡಿನ ಪಟ್ಟಣಗಳಲ್ಲಿ 'ಪಾಪರ್ ಚೀಟಿ ತಗೊಂಡ' ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಹಾಗೆ ದಿವಾಳಿಯ ಅಂಚಿಗೆ ಬಂದವನು, ಸಾಲ ಕೊಟ್ಟವರು ಮುತ್ತುವ ಮೊದಲು ಮನೆಯನ್ನು ಗುಟ್ಟಾಗಿ, ಅಗ್ಗವಾಗಿ, ಅರ್ಧ ದುಡ್ಡು ನಗದಿನಲ್ಲಿ ಮಾರಲು ಬರುತ್ತಾನೆ. ಸಾಲ ಕೊಟ್ಟವರನ್ನು ತಪ್ಪಿಸುವ ಉದ್ದೇಶದ ಇಂಥ ಮಾರಾಟವನ್ನು ಅದೇ 1882ರ ಕಾಯ್ದೆಯ 53ನೇ ಕಲಮಿನಡಿ ಅವರು ರದ್ದು ಮಾಡಿಸಬಹುದು. ಸದ್ಭಾವದಿಂದ, ನ್ಯಾಯವಾದ ಬೆಲೆ ಕೊಟ್ಟು ಕೊಂಡವನಿಗೆ ಮಾತ್ರ ರಕ್ಷಣೆ. ಇಲ್ಲಿ ಕೋರ್ಟು ಕೊಂಡವನ ಮನಸ್ಸಿನೊಳಗೇ ಇಣುಕುತ್ತದೆ. ಮಾರುವವನ ಅವಸರದ ಕಾರಣ ಊಹಿಸಿಯೂ ಸುಮ್ಮನಿದ್ದವನು ಸದ್ಭಾವದವನೇ? ಆ ಮನೆಗೆ ಕೈಗಡ ಕೊಟ್ಟ ನೆರೆಯವರು, ಚೀಟಿ ಹಣ ಕಟ್ಟಿದವರು, ಸಂಬಳ ಬಾಕಿ ಇರುವ ಕೆಲಸಗಾರರು ಇದ್ದಾರಲ್ಲ!

ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಶಿವಮೊಗ್ಗದ ಕುಟುಂಬಗಳಿಗೆ ಇನ್ನೊಂದು ಬಗೆಯೂ ಪರಿಚಿತ: ಬಿಲ್ಡರ್ ಕಂಪನಿಯೇ ದಿವಾಳಿ ಸಂಹಿತೆಯಡಿ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ಸಿಕ್ಕಿಕೊಂಡ ಫ್ಲಾಟು. ಆ ಪ್ರಕ್ರಿಯೆ ಶುರುವಾದೊಡನೆ ಕಂಪನಿಯ ಆಸ್ತಿ ಮಾರಾಟಕ್ಕೆ ತಡೆ ಬೀಳುತ್ತದೆ, ದಾವೆಗಳು ನಿಲ್ಲುತ್ತವೆ. ಫ್ಲಾಟು ಕಾಯ್ದಿರಿಸಿದವರನ್ನು 2018ರ ತಿದ್ದುಪಡಿ ಬ್ಯಾಂಕುಗಳಂತೆ ಹಣಕಾಸು ಸಾಲಿಗರ ಸಾಲಿಗೆ ಸೇರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾನ್ಯ ಮಾಡಿತು. 2020ರಿಂದ ಅರ್ಜಿ ಹಾಕಲು ಕನಿಷ್ಠ 100 ಜನ ಅಥವಾ ಒಂದೇ ಯೋಜನೆಯ ಶೇ. 10 ಖರೀದಿದಾರರು ಸೇರಬೇಕು. ಹತಾಶನಾದ ಹಳೆಯ ಖರೀದಿದಾರನಿಂದ ಅರ್ಧ ಬೆಲೆಗೆ ಬುಕಿಂಗ್ ವರ್ಗಾಯಿಸಿಕೊಳ್ಳುವವರು ಕೊಳ್ಳುವುದು ಗೋಡೆಗಳನ್ನಲ್ಲ, ನೂರಾರು ಜನರ ನಡುವಿನ ಒಂದು ಬಾಕಿಯನ್ನು.

ಹಿಂದೆ ಮನುಷ್ಯರಿಲ್ಲದ ಅಪಾಯವೂ ಒಂದಿದೆ: ಮೆಸ್ಕಾಂನ ವಿದ್ಯುತ್ ಬಾಕಿ, ನೀರಿನ ಬಿಲ್ಲು, ಕಂದಾಯ. ಹಳೆಯ ಮಾಲೀಕನ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ನಿಯಮಗಳ ಪ್ರಕಾರ ಕೇಳಬಹುದು ಎಂದು ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ 2023ರ ಮೇ 19ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಬಿಡ್ ಹಾಕುವ ಮೊದಲು ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಹಿಡಿದು ಹೋಗಿ ಕೇಳಿದರೆ ಮುಗಿಯಿತು.

ಈಗ ಬೆಲೆಯ ವಿಷಯ. ಧರ್ಮದ ಪ್ರಶ್ನೆ ಅತ್ಯಂತ ಗಟ್ಟಿಯಾಗಿ ನಿಲ್ಲುವುದು ಇಲ್ಲಿಯೇ. ಹರಾಜಿನ ಮನೆ ಅಗ್ಗ ಎನ್ನುತ್ತಾರೆ. ಅಗ್ಗವಾದ ಆ ದುಡ್ಡು ಯಾರದು? ಬ್ಯಾಂಕಿನದೆಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ. ಮನೆಯ ಪೇಟೆ ಬೆಲೆ 60 ಲಕ್ಷ, ಬಡ್ಡಿ ಖರ್ಚು ಸೇರಿ ಸಾಲ 38 ಲಕ್ಷ ಎಂದಿಟ್ಟುಕೊಂಡರೆ, ಹರಾಜಿನಲ್ಲಿ 55 ಲಕ್ಷ ಬಂದಾಗ ಬ್ಯಾಂಕು ತನ್ನ 38 ತೆಗೆದುಕೊಂಡು ಉಳಿದ 17 ಲಕ್ಷವನ್ನು ಮನೆ ಕಳೆದುಕೊಂಡವರಿಗೆ ಕೊಡಬೇಕು. ಸರ್ಫೇಸಿಯ 13ನೇ ಕಲಮು ಹೇಳುವುದು ಇದನ್ನೇ. 42ಕ್ಕೆ ಹೋದರೆ ಅವರಿಗೆ ಸಿಗುವುದು 4. 32ಕ್ಕೆ ಹೋದರೆ ಮನೆಯೂ ಹೋಗಿ 6 ಲಕ್ಷದ ಸಾಲ ಅವರ ತಲೆಯ ಮೇಲೆಯೇ ಉಳಿಯುತ್ತದೆ, ಅದಕ್ಕಾಗಿ ಬ್ಯಾಂಕು ಮತ್ತೆ ಬೆನ್ನುಹತ್ತಬಹುದು. ಮೂರೂ ಲೆಕ್ಕದಲ್ಲಿ ಕೊಂಡವರ ಲಾಭ ನೇರವಾಗಿ ಹಳೆಯ ಮನೆಯವರ ನಷ್ಟ, ಬಹುಪಾಲು ರೂಪಾಯಿಗೆ ರೂಪಾಯಿ.

ಹಾಗೆಂದ ಮಾತ್ರಕ್ಕೆ ಕೊಳ್ಳುವವರು ಪೇಟೆ ಬೆಲೆಗಿಂತ ಹೆಚ್ಚು ಕೊಡಬೇಕೆಂದಲ್ಲ. ಕೊಳ್ಳುವವರೇ ಬರದಿದ್ದರೆ ಸಾಲ ಕರಗುವುದಿಲ್ಲ, ಬಡ್ಡಿ ಏರುತ್ತದೆ, ಮುಂದಿನ ಹರಾಜಿನಲ್ಲಿ ಕನಿಷ್ಠ ಬೆಲೆ ಇಳಿಯುತ್ತದೆ. ಮುಕ್ತವಾಗಿ ನಡೆದ ಹರಾಜಿನಲ್ಲಿ ಪ್ರಾಮಾಣಿಕವಾಗಿ ಬೆಲೆ ಕೂಗಿದವರು ಆ ಕುಟುಂಬಕ್ಕೆ ಉಪಕಾರವನ್ನೇ ಮಾಡುತ್ತಾರೆ. ಅಧರ್ಮ ಇರುವುದು ಬೇರೆ ಕಡೆ. ಬ್ರೋಕರುಗಳು ಮೊದಲೇ ಮಾತಾಡಿಕೊಂಡು ಒಬ್ಬರ ಮೇಲೊಬ್ಬರು ಏರದಂತೆ 'ಸೆಟ್ಟಿಂಗ್' ಮಾಡುವುದು, ಮೌಲ್ಯಮಾಪಕನ ಕೈಬಿಸಿ ಮಾಡಿ ಬೆಲೆ ತಗ್ಗಿಸುವುದು, ಮನೆಗೆ ದೋಷವಿದೆ ಎಂದು ಸುದ್ದಿ ಹಬ್ಬಿಸಿ ಬೇರೆಯವರನ್ನು ದೂರವಿಡುವುದು ಇವೆಲ್ಲ ಕಳ್ಳತನದ ಬಗೆಗಳೇ. ಜೈನರ ತತ್ತ್ವಾರ್ಥಸೂತ್ರ ಅಚೌರ್ಯ ವ್ರತಕ್ಕೆ ಭಂಗ ತರುವ ದೋಷಗಳಲ್ಲಿ ಕಳ್ಳತೂಕ, ಕಳ್ಳಅಳತೆಯನ್ನೂ ಎಣಿಸಿದೆ. ತಗ್ಗಿಸಿದ ಮೌಲ್ಯಮಾಪನ ಕಳ್ಳಅಳತೆಯಲ್ಲದೆ ಇನ್ನೇನು? ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಿದೆ. ಗಂಡ ಮಾರಯ್ಯ ಒಂದು ದಿನ ಅಂಗಳದಿಂದ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಆಕೆ ಹಿಂದಕ್ಕೆ ಕಳಿಸಿದಳು. ಮಾರಯ್ಯ ಯಾರಿಂದಲೂ ಕಿತ್ತುಕೊಂಡಿರಲಿಲ್ಲ, ಕೆಳಗೆ ಬಿದ್ದದ್ದನ್ನೇ ಆಯ್ದಿದ್ದ. ಆದರೂ ತಮಗೆ ಸಲ್ಲಬೇಕಾದ್ದೆಷ್ಟು ಎಂದು ಆಕೆ ಕೇಳಿದಳು. ಹರಾಜಿನ ಮನೆಗೆ ಬಿಡ್ ಹಾಕುವ ಮನೆಯಲ್ಲೂ ಆ ಮಾತು ಏಳಬೇಕು. ವಿಚಿತ್ರವಾಗಿ ಅಗ್ಗವಾದ ಮಾರಾಟವೇ ನ್ಯಾಯಮಂಡಳಿಯಲ್ಲಿ ಪ್ರಶ್ನೆಗೆ ಒಳಗಾಗುವ ಸಂಭವ ಹೆಚ್ಚು ಎಂಬುದೂ ನೆನಪಿರಲಿ.

ಕೊನೆಯದಾಗಿ ಸ್ವಾಧೀನ. ಒಳಗಿರುವವರು ತಾವಾಗಿ ಬಿಡದಿದ್ದರೆ ಬ್ಯಾಂಕು ಸರ್ಫೇಸಿಯ 14ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಆದೇಶದ ನಂತರ ನಿಯೋಜಿತ ಅಧಿಕಾರಿ ಪೊಲೀಸರೊಂದಿಗೆ ಬಂದು ತೆರವು ಮಾಡಿಸುತ್ತಾರೆ. ಈ ಕೆಲಸ ಬ್ಯಾಂಕಿನದು, ಕೊಂಡವರದಲ್ಲ. ಗೂಂಡಾಗಳನ್ನು ಕಳಿಸಿ, ನೀರಿನ ಪೈಪು ಕತ್ತರಿಸಿ ಖಾಲಿ ಮಾಡಿಸುವುದು ಅಪರಾಧ. ಆದ್ದರಿಂದ ಬ್ಯಾಂಕು ಭೌತಿಕ ಸ್ವಾಧೀನ ಪಡೆದಿರುವ ಮನೆಗೆ ಮಾತ್ರ ಬಿಡ್ ಹಾಕುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅಡವಾಗಿದ್ದದ್ದು ಮನೆ, ಒಳಗಿನ ಸಾಮಾನಲ್ಲ. ಬೀರುವಿನ ತಳದಲ್ಲಿ ಉಳಿದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಕಾರ್ಖಾನೆಯ ಪಿ.ಎಫ್. ಕಾಗದ, ದೇವರ ಮನೆಯ ವಿಗ್ರಹ ಹಳೆಯ ಮನೆಯವರದೇ. ಕೀಲಿ ತೆಗೆದುಕೊಳ್ಳುವ ಮುಂಚೆ ಸಾಮಾನಿನ ಪಟ್ಟಿಯಿರುವ ಪಂಚನಾಮೆಯ ಪ್ರತಿಯನ್ನು, ಅವು ಅವರ ಕೈಸೇರಿದ್ದಕ್ಕೆ ರಸೀದಿಯನ್ನು ಕೊಂಡವರು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಬೇಕು. ಮಾರಾಟದ ಹಣ ಸಾಲಕ್ಕಿಂತ ಹೆಚ್ಚಾಗಿದ್ದರೆ ಆ ಹೆಚ್ಚಿನದು ಮನೆಯವರಿಗೆ ಸಂದಿದೆಯೇ ಎಂಬ ಒಂದು ಸಾಲನ್ನೂ ಅದೇ ಪತ್ರದಲ್ಲಿ ಸೇರಿಸಬಹುದು. ಉತ್ತರಿಸಲೇಬೇಕೆಂಬ ಕಟ್ಟುಪಾಡು ಬ್ಯಾಂಕಿಗೆ ಇಲ್ಲದಿರಬಹುದು, ಕೇಳಲು ಕೊಂಡವರಿಗೆ ಯಾವ ಅಡ್ಡಿಯೂ ಇಲ್ಲ.